ಏಳು ವರ್ಷ ಅಂದ್ರೆ ಏಳೇ ವರ್ಷ: ಒಲಿವಿಯಾ ಡಿ ಹ್ಯಾವಿಲೆಂಡ್ ಗೆದ್ದ ಕೇಸು

ಒಲಿವಿಯಾ ಡಿ ಹ್ಯಾವಿಲೆಂಡ್ ಅಂದ ತಕ್ಷಣ ಹಳೇ ಸಿನಿಮಾ ನೋಡುವವರಿಗೆ 'ಗಾನ್ ವಿತ್ ದ ವಿಂಡ್'ನ ಮೆಲನಿ ನೆನಪಾಗುತ್ತಾಳೆ. ಮೆತ್ತಗೆ ಮಾತಾಡುವ, ಯಾರ ಮನಸ್ಸನ್ನೂ ನೋಯಿಸದ ಹೆಂಗಸು. ಕ್ಯಾಲಿಫೋರ್ನಿಯಾದ ವಕೀಲರಿಗೆ ನೆನಪಾಗುವುದು ಬೇರೆಯೇ. ಯಾರನ್ನೂ ಏಳು ವರ್ಷಕ್ಕಿಂತ ಹೆಚ್ಚು ಕಾಲ ಒಪ್ಪಂದದಲ್ಲಿ ಕಟ್ಟಿಹಾಕುವಂತಿಲ್ಲ ಅನ್ನುವ, ಅಲ್ಲಿನ ಕಾರ್ಮಿಕ ಕಾಯ್ದೆಯ 2855ನೇ ಸೆಕ್ಷನ್‌ಗೆ ಇವತ್ತಿಗೂ 'ಡಿ ಹ್ಯಾವಿಲೆಂಡ್ ಕಾನೂನು' ಅಂತಲೇ ಕರೆಯುತ್ತಾರೆ. ಎರಡು ಆಸ್ಕರ್ ಗೆದ್ದ ಈ ನಟಿ 2020ರಲ್ಲಿ, 104ನೇ ವಯಸ್ಸಿನಲ್ಲಿ, ಪ್ಯಾರಿಸ್‌ನಲ್ಲಿ ತೀರಿಕೊಂಡರು. ನನ್ನನ್ನು ಕೇಳಿದರೆ ಆ ಎರಡು ಆಸ್ಕರ್‌ಗಿಂತ ವಾರ್ನರ್ ಬ್ರದರ್ಸ್ ಸ್ಟುಡಿಯೋ ವಿರುದ್ಧ ಆಕೆ ಗೆದ್ದ ಈ ಕೇಸೇ ಒಂದು ಕೈ ಮೇಲು.

1934ರಲ್ಲಿ ವಾರ್ನರ್ ಬ್ರದರ್ಸ್ ಸೇರಿದಾಗ ಆಕೆಗೆ 18 ವರ್ಷ. 1936ರಲ್ಲಿ ಅವರ ಜೊತೆ ಏಳು ವರ್ಷದ ಒಪ್ಪಂದಕ್ಕೆ ಸಹಿ ಹಾಕಿದರು. ಆ ಕಾಲದಲ್ಲಿ ಸ್ಟುಡಿಯೋಗಳದ್ದೇ ದರ್ಬಾರು. ಯಾವ ಸಿನಿಮಾ, ಯಾವ ಪಾತ್ರ, ಯಾರ ಜೊತೆ ಎಲ್ಲವನ್ನೂ ಅವರೇ ತೀರ್ಮಾನಿಸುತ್ತಿದ್ದರು. ಬೇರೆ ಸ್ಟುಡಿಯೋ ಕೇಳಿದರೆ ನಟರನ್ನು ಎರವಲು ಕೊಡುತ್ತಿದ್ದರು. ಅಲ್ಲಿಂದ ಬಂದ ದುಡ್ಡಿನಲ್ಲಿ ನಟರಿಗೆ ಸಿಗುತ್ತಿದ್ದದ್ದು ಮಾಮೂಲಿ ಸಂಬಳ ಮಾತ್ರ, ಮಿಕ್ಕಿದ್ದು ಸ್ಟುಡಿಯೋ ಜೇಬಿಗೆ.

ವಾರ್ನರ್‌ನವರು ಆಕೆಗೆ ಜಾಸ್ತಿ ಕೊಟ್ಟಿದ್ದು ಹೀರೋ ಪಕ್ಕ ಚೆಂದವಾಗಿ ನಿಲ್ಲುವ ಪಾತ್ರಗಳನ್ನು. ಎರೋಲ್ ಫ್ಲಿನ್ ಜೊತೆಗೇ ಎಂಟು ಸಿನಿಮಾ. ತಮಾಷೆ ನೋಡಿ, ಆ ಒಪ್ಪಂದದ ಕಾಲದಲ್ಲಿ ಆಕೆಗೆ ಎರಡು ಸಲ ಆಸ್ಕರ್ ನಾಮನಿರ್ದೇಶನ ಬಂತು, ಎರಡೂ ಎರವಲು ಹೋದಾಗ ಮಾಡಿದ ಪಾತ್ರಗಳಿಗೆ. ಮೆಲನಿ ಪಾತ್ರಕ್ಕೆ ಕಳಿಸಲು ಸ್ಟುಡಿಯೋ ಮುಖ್ಯಸ್ಥ ಜಾಕ್ ವಾರ್ನರ್ ಮೊದಲು ಒಪ್ಪಿರಲಿಲ್ಲ. ಡಿ ಹ್ಯಾವಿಲೆಂಡ್, ಜಾಕ್ ವಾರ್ನರ್ ಅವರ ಹೆಂಡತಿ ಆ್ಯನ್‌ರನ್ನು ಚಹಾಕ್ಕೆ ಕರೆದು, ಅವರ ಮೂಲಕ ಕೆಲಸ ಸಾಧಿಸಿದರು.

ಹೊರಗೆ ಒಳ್ಳೆ ಪಾತ್ರದ ರುಚಿ ನೋಡಿದ ಮೇಲೆ ವಾರ್ನರ್‌ನವರು ಕೊಟ್ಟಿದ್ದನ್ನು ಒಂದೊಂದಾಗಿ ಬೇಡ ಅನ್ನಲು ಶುರು ಮಾಡಿದರು. ಬೇಡ ಅಂದರೆ 'ಸಸ್ಪೆನ್ಷನ್', ಅಂದರೆ ಸಂಬಳ ಬಂದ್. ಅಷ್ಟಕ್ಕೇ ಮುಗಿದಿದ್ದರೆ ಹೋಗಲಿ ಬಿಡಿ ಅನ್ನಬಹುದಿತ್ತು. ನೀವು ಬಿಟ್ಟ ಪಾತ್ರವನ್ನು ಇನ್ನೊಬ್ಬ ನಟಿ 12 ವಾರ ಶೂಟಿಂಗ್ ಮಾಡಿ ಮುಗಿಸಿದರು ಅಂತಿಟ್ಟುಕೊಳ್ಳಿ. ಆ 12 ವಾರವನ್ನು ನಿಮ್ಮ ಒಪ್ಪಂದದ ಬಾಲಕ್ಕೆ ಅಂಟಿಸುತ್ತಿದ್ದರು. ಎಷ್ಟು ಸಲ ಬೇಡ ಅಂತೀರೋ ಬಾಲ ಅಷ್ಟು ಉದ್ದ. ಒಳ್ಳೆ ಜೀತ, ಅಲ್ವಾ?

1943ರಲ್ಲಿ ಏಳು ವರ್ಷ ಮುಗಿಯಿತು ಅಂದುಕೊಂಡಾಗ ಸ್ಟುಡಿಯೋ ಇನ್ನೂ 25 ವಾರ ಬಾಕಿ ಇದೆ ಅಂದಿತು.

ಕೋರ್ಟಿಗೆ ಹೋಗಬಹುದಿತ್ತು. ಆದರೆ 1936ರಲ್ಲಿ ನಟಿ ಬೆಟ್ಟಿ ಡೇವಿಸ್ ಇದೇ ವಾರ್ನರ್ ವಿರುದ್ಧ ತಿರುಗಿಬಿದ್ದು ಇಂಗ್ಲೆಂಡಿಗೆ ಹೋಗಿ, ಲಂಡನ್ ಕೋರ್ಟಿನಲ್ಲಿ ಸೋತು ವಾಪಸ್ ಬಂದಿದ್ದರು. ಅಷ್ಟು ಗಟ್ಟಿಗಿತ್ತಿಗೇ ಹಾಗಾದ ಮೇಲೆ ಉಳಿದವರಿಗೆ ಧೈರ್ಯ ಎಲ್ಲಿಂದ ಬರಬೇಕು? ಡಿ ಹ್ಯಾವಿಲೆಂಡ್‌ಗೆ ದಾರಿ ತೋರಿಸಿದ್ದು ವಕೀಲ ಮಾರ್ಟಿನ್ ಗ್ಯಾಂಗ್. ಕ್ಯಾಲಿಫೋರ್ನಿಯಾದಲ್ಲಿ ಒಬ್ಬರನ್ನು ಒಪ್ಪಂದದ ಹೆಸರಲ್ಲಿ ಕೆಲಸಕ್ಕೆ ಕಟ್ಟಿಹಾಕಲು 1872ರಿಂದಲೇ ಒಂದು ಮಿತಿ ಇತ್ತು. ಮೊದಲು ಎರಡು ವರ್ಷ ಇದ್ದದ್ದು 1931ರ ಹೊತ್ತಿಗೆ ಏಳಾಗಿತ್ತು. ಈ ಏಳು ವರ್ಷವನ್ನು ಲೆಕ್ಕ ಹಾಕುವುದು ಕ್ಯಾಲೆಂಡರ್ ನೋಡಿಯೋ, ಕೆಲಸ ಮಾಡಿದ ದಿನಗಳನ್ನು ಎಣಿಸಿಯೋ? ಇಡೀ ಕೇಸು ನಿಂತಿದ್ದು ಇದರ ಮೇಲೆ.

1944ರ ಮಾರ್ಚ್‌ನಲ್ಲಿ ಕೆಳ ಕೋರ್ಟಿನಲ್ಲಿ ಗೆದ್ದರು. ವಾರ್ನರ್ ಅಪೀಲು ಹಾಕಿತು. ಜೊತೆಗೆ ಆಕೆಗೆ ಕೆಲಸ ಕೊಡಬೇಡಿ ಅಂತ ಬೇರೆ ಸ್ಟುಡಿಯೋಗಳಿಗೂ ತಿಳಿಸಿತು. ಹೆಚ್ಚುಕಮ್ಮಿ ಎರಡು ವರ್ಷ ಕ್ಯಾಮೆರಾ ಮುಂದೆ ನಿಲ್ಲಲಾಗಲಿಲ್ಲ. ಯುದ್ಧದ ಕಾಲ ಬೇರೆ. ಗಾಯಗೊಂಡ ಸೈನಿಕರನ್ನು ಮಾತಾಡಿಸುತ್ತ ಮಿಲಿಟರಿ ಆಸ್ಪತ್ರೆಗಳನ್ನು ಸುತ್ತಿದರು.

1944ರ ಡಿಸೆಂಬರ್‌ನಲ್ಲಿ ಅಪೀಲು ಕೋರ್ಟಿನ ತೀರ್ಪು ಬಂತು. ಬರೆದವರು ನ್ಯಾಯಮೂರ್ತಿ ಶಿನ್. ಏಳು ವರ್ಷ ಅಂದರೆ ಕ್ಯಾಲೆಂಡರ್‌ನ ಏಳು ವರ್ಷ, ಅಷ್ಟೇ. ಅದಾದ ಮೇಲೆ ಕೆಲಸ ಬದಲಿಸುವ, ಹೆಚ್ಚು ಸಂಬಳ ಕೇಳುವ ಸ್ವಾತಂತ್ರ್ಯ ದುಡಿಯುವವರಿಗೆ ಇರಲೇಬೇಕು. ಸಹಿ ಹಾಕಿದ್ದಾರೆ ಅನ್ನುವ ನೆಪದಲ್ಲಿ ಅದನ್ನು ಕಿತ್ತುಕೊಳ್ಳುವಂತಿಲ್ಲ. ಮುಂದಿನ ವರ್ಷ ರಾಜ್ಯದ ಸುಪ್ರೀಂ ಕೋರ್ಟು ಕೇಸನ್ನು ಕೈಗೆತ್ತಿಕೊಳ್ಳಲೂ ಒಪ್ಪಲಿಲ್ಲ.

ಆಮೇಲೆ ಆಕೆ ತಾವೇ ಆರಿಸಿಕೊಂಡ ಪಾತ್ರಗಳಿಗೆ 1946ರ ಮತ್ತು 1949ರ ಸಿನಿಮಾಗಳಲ್ಲಿ ಆಸ್ಕರ್ ಬಂತು. ಯುದ್ಧಕ್ಕೆ ಹೋಗಿಬಂದ ನಟರಿಗೂ ತೀರ್ಪು ಆಸರೆಯಾಯಿತು. ಸೈನ್ಯದಲ್ಲಿ ಕಳೆದ ವರ್ಷಗಳನ್ನು ಒಪ್ಪಂದಕ್ಕೆ ಸೇರಿಸುವ ಆಟ ಇನ್ನು ನಡೆಯುವಂತಿರಲಿಲ್ಲ. ಹಾಗಂತ ಸ್ಟುಡಿಯೋಗಳ ದರ್ಬಾರು ಮುರಿದಿದ್ದು ಈ ಒಂದು ಕೇಸಿನಿಂದಲೇ ಅನ್ನುವುದು ಉತ್ಪ್ರೇಕ್ಷೆ. ಚಿತ್ರಮಂದಿರಗಳನ್ನು ಸ್ಟುಡಿಯೋಗಳಿಂದ ಬೇರ್ಪಡಿಸಿದ 1948ರ ತೀರ್ಪು, ಮನೆಮನೆಗೆ ಬಂದ ಟೀವಿ, ಇವುಗಳದ್ದೂ ಪಾಲಿದೆ.

ಜಗಳ ಈಗ ಸಂಗೀತದ ಕಡೆಗೆ ಸರಿದಿದೆ. ಗಾಯಕರು ಒಪ್ಪಂದಕ್ಕೆ ಸಹಿ ಹಾಕುವುದು ವರ್ಷದ ಲೆಕ್ಕದಲ್ಲಲ್ಲ, ಆಲ್ಬಂ ಲೆಕ್ಕದಲ್ಲಿ. ಏಳು ವರ್ಷದಲ್ಲಿ ಅಷ್ಟೂ ಆಲ್ಬಂ ಮುಗಿಯುವುದು ಕಷ್ಟ. 1987ರಲ್ಲಿ ರೆಕಾರ್ಡ್ ಕಂಪನಿಗಳು ಕಾನೂನಿಗೆ ತಿದ್ದುಪಡಿ ತರಿಸಿಕೊಂಡವು: ಗಾಯಕರು ಏಳು ವರ್ಷಕ್ಕೆ ಬಿಟ್ಟುಹೋಗಬಹುದು, ಆದರೆ ಕೊಡದೆ ಉಳಿದ ಆಲ್ಬಂಗಳಿಗೆ ಕಂಪನಿ ಪರಿಹಾರ ಕೇಳಬಹುದು. 2008ರಲ್ಲಿ ನಟ ಜೇರೆಡ್ ಲೆಟೊ ಅವರ ಬ್ಯಾಂಡ್ 'ಥರ್ಟಿ ಸೆಕೆಂಡ್ಸ್ ಟು ಮಾರ್ಸ್' ಏಳು ವರ್ಷದ ನಿಯಮ ಹಿಡಿದು ಹೊರಟಾಗ ರೆಕಾರ್ಡ್ ಕಂಪನಿ ಇಎಂಐ 3 ಕೋಟಿ ಡಾಲರ್ ಕೇಳಿ ಕೇಸು ಹಾಕಿತು. ಮರುವರ್ಷ ರಾಜಿಯಾಯಿತು, ಬ್ಯಾಂಡು ಮತ್ತೆ ಅದೇ ಕಂಪನಿಗೆ ಸಹಿ ಹಾಕಿತು. ಆ ತಿದ್ದುಪಡಿ ತೆಗೆದುಹಾಕುವ ಮಸೂದೆ 2022ರಲ್ಲಿ ಕ್ಯಾಲಿಫೋರ್ನಿಯಾ ಶಾಸನಸಭೆಗೆ ಬಂದಿತ್ತು. ಪಾಸಾಗಲಿಲ್ಲ.