ಹದಿನೈದು ಸೆಕೆಂಡಿನ ಸಿಲಿಂಡರ್

ಮುಧೋಳದ ಕಡೆಯ ಒಂದು ಸಕ್ಕರೆ ಕಾರ್ಖಾನೆಯ ಹಿತ್ತಲ ಬಯಲು. ಏಪ್ರಿಲ್ ತಿಂಗಳು; ಬೆಳಗಿನ ಹತ್ತಕ್ಕೇ ಬಿಸಿಲು ಚುರುಗುಟ್ಟುತ್ತಿತ್ತು. ಕಬ್ಬಿನ ಹಂಗಾಮು ಮುಗಿದು ಗಾಣಗಳೆಲ್ಲ ತಣ್ಣಗಾಗಿದ್ದವು. ಬಗ್ಯಾಸಿನ, ಅಂದರೆ ರಸ ಹಿಂಡಿ ಉಳಿದ ಕಬ್ಬಿನ ಸಿಪ್ಪೆಯ, ಗುಡ್ಡ ಮಾತ್ರ ಎರಡಂತಸ್ತಿನ ಮನೆಯಷ್ಟು ಎತ್ತರಕ್ಕೆ ನಿಂತಿತ್ತು. ಅದರಿಂದ ಸಾಕಷ್ಟು ದೂರದಲ್ಲಿ ಒಂದು ಕಬ್ಬಿಣದ ತಟ್ಟೆ, ಅದರಲ್ಲಿ ನೀರು, ನೀರಿನ ಮೇಲೆ ತೇಲುವ ಡೀಸೆಲ್, ಬೇಗ ಹೊತ್ತಿಕೊಳ್ಳಲೆಂದು ಒಂದಿಷ್ಟು ಪೆಟ್ರೋಲ್. ಸುತ್ತ ಇಪ್ಪತ್ತು ಮಂದಿ ಕಾವಲುಗಾರರು. ಉದ್ದ ಕೋಲಿನ ತುದಿಗೆ ಚಿಂದಿ ಸುತ್ತಿ ತರಬೇತುದಾರರು ತಟ್ಟೆಗೆ ಕಿಚ್ಚಿಟ್ಟರು.

ಮೊದಲು ಮುಂದೆ ಬಂದವರು ಗೇಟಿನಲ್ಲಿ ಹನ್ನೊಂದು ವರ್ಷ ದುಡಿದ ಹಿರಿಯರು. ದಿನಾ ಬೆಂಕಿ ಆರಿಸುವ ಸಿಲಿಂಡರಿನ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂತವರು, ಅದರ ಪಿನ್ನಿಗೆ ಕೈ ಹಾಕಿದ್ದು ಅವತ್ತೇ ಮೊದಲು. ಪಿನ್ ಬರಲೇ ಇಲ್ಲ. ಗಾಬರಿಯಲ್ಲಿ ಎರಡೂ ಹಿಡಿಕೆಗಳನ್ನು ಬಿಗಿಯಾಗಿ ಅಮುಕಿದ್ದರು. ಹಾಗೆ ಅಮುಕಿದರೆ ನಡುವಿನ ಪಿನ್ ಕಚ್ಚಿಕೊಳ್ಳುತ್ತದೆ. ಕೈ ಸಡಿಲಿಸಿದ ಮೇಲೆ ಬಂತು. ಭುಸ್ಸೆಂದು ಹೊರಟ ಬಿಳಿ ಪುಡಿ ನೇರ ಉರಿಯ ನೆತ್ತಿಗೆ ಹೋಯಿತು. ಉರಿ ಒಮ್ಮೆ ತಲೆ ತಗ್ಗಿಸಿ ಮತ್ತೆ ಎದ್ದಿತು. ಅಷ್ಟರಲ್ಲಿ ಸಿಲಿಂಡರ್ ಖಾಲಿ.

“ಬುಡಕ್ಕ ಹಿಡೀರಿ ಅಂತ ಹೇಳಿದ್ನೆಲ್ರಿ ಕಾಕಾ.”

“ಉರಿ ಮ್ಯಾಲೈತೆಲ್ರೀ ಸರ, ಬುಡಕ್ಕ ಹೊಡದ್ರ ಏನ್ ಬಂತ್ರಿ?”

ಎಲ್ಲರೂ ನಕ್ಕರು. ನನಗೆ ಮಾತ್ರ ಅವತ್ತಿನ ತರಬೇತಿಯಲ್ಲಿ ಕೇಳಿದ ಅತ್ಯುತ್ತಮ ಪ್ರಶ್ನೆ ಅದೇ ಅನ್ನಿಸಿತು.

ತಟ್ಟೆಯಲ್ಲಿ ಉರಿಯುತ್ತಿರುವುದು ಡೀಸೆಲ್ ಎಂದು ನಮ್ಮ ಕಣ್ಣು ಹೇಳುತ್ತದೆ. ನಿಜಕ್ಕೂ ಉರಿಯುವುದು ಡೀಸೆಲ್ಲಿನಿಂದ ಏಳುವ ಆವಿ. ಸೌದೆಯದೂ ಇದೇ ಕಥೆ. ಒಲೆಗಿಟ್ಟ ಹಸಿ ಕಟ್ಟಿಗೆ ಬಹಳ ಹೊತ್ತು ಹೊಗೆಯಾಡಿ, ಊದಿ ಊದಿ ಕಣ್ಣಲ್ಲಿ ನೀರು ಬಂದ ಮೇಲೆ, ಒಮ್ಮೆಲೇ ಭಗ್ಗೆನ್ನುವುದನ್ನು ನೋಡಿರುತ್ತೀರಿ. ಕಾವಿಗೆ ಕಟ್ಟಿಗೆ ಒಡೆದು ಅನಿಲಗಳಾಗಿ ಹೊರಬಂದು, ಆ ಅನಿಲಕ್ಕೆ ಉರಿ ತಗಲುವ ಗಳಿಗೆ ಅದು. ಮೇಲೆ ಕಾಣುವ ಹಳದಿ ನಾಲಗೆ ಕಾದು ಹೊಳೆಯುವ ಮಸಿಯ ಕಣಗಳ ಬೆಳಕು. ಅಲ್ಲಿಗೆ ಪುಡಿ ಹೊಡೆದರೆ ಈಗಾಗಲೇ ಉರಿಯುತ್ತಿರುವುದರ ಮೇಲೆ ಹೊಡೆದಂತೆ. ಹೊಸ ಆವಿ ಹುಟ್ಟುವ ಜಾಗ ಕೆಳಗಿದೆ. ಉರಿಯ ಕಾವು ಎಣ್ಣೆಗೆ ಇಳಿಯುತ್ತದೆ, ಆ ಕಾವಿಗೆ ಎಣ್ಣೆ ಮತ್ತಷ್ಟು ಆವಿ ಕೊಡುತ್ತದೆ, ಆವಿ ಉರಿಗೆ ಮೇವಾಗುತ್ತದೆ. ಈ ಕೊಡು–ಕೊಳ್ಳು ಕಡಿಯುವುದು ಬುಡದಲ್ಲೇ.

ಪುಡಿ ಅದನ್ನು ಹೇಗೆ ಕಡಿಯುತ್ತದೆ? ಗಾಳಿ ಮುಚ್ಚಿ ಉಸಿರುಗಟ್ಟಿಸುತ್ತದೆ ಎಂದು ಬಹಳ ಜನ ತಿಳಿದಿದ್ದಾರೆ. ಅದು ಸ್ವಲ್ಪವೇ ನಿಜ. ಇಂಧನ, ಆಮ್ಲಜನಕ, ಕಾವು ಎಂಬ ಮೂರು ಕಲ್ಲಿನ ಒಲೆಯನ್ನು ಶಾಲೆಯಲ್ಲಿ ಓದಿದ್ದೇವೆ. ಉರಿಯೊಳಗೆ ನಾಲ್ಕನೆಯದೂ ಒಂದಿದೆ: ಸರಪಳಿ ಕ್ರಿಯೆ. ಒಡೆದ ಅಣುಗಳ ಚೂರುಗಳು, ಜೋಡಿಯಿಲ್ಲದ ಹೈಡ್ರೋಜನ್ ಮತ್ತು ಅಂಥವೇ ಇತರ ತುಂಟ ಕಣಗಳು, ಪಕ್ಕದ ಅಣುಗಳನ್ನು ಒಡೆಯುತ್ತ ಹೋಗುತ್ತವೆ. ಎಬಿಸಿ (ಸೌದೆಯಂಥ ಘನ, ಎಣ್ಣೆಯಂಥ ದ್ರವ, ಅನಿಲ ಮೂರೂ ಬಗೆಯ ಬೆಂಕಿಗೆ ಆಗುವ) ಸಿಲಿಂಡರಿನ ಪುಡಿಯಲ್ಲಿರುವ ಮೋನೋ ಅಮೋನಿಯಂ ಫಾಸ್ಫೇಟ್ ಈ ಚೂರುಗಳನ್ನು ಹಿಡಿದು ಕಟ್ಟಿಹಾಕುತ್ತದೆ. ಎಣ್ಣೆಯ ಉರಿ ಕಣ್ಣು ಮಿಟುಕಿಸುವಷ್ಟರಲ್ಲಿ ಮಾಯವಾಗುವುದು ಅದಕ್ಕೇ. ಸೌದೆ, ಬಟ್ಟೆ, ಕಾಗದದ ಮೇಲೆ ಬಿದ್ದರೆ ಅದೇ ಪುಡಿ ಕರಗಿ ಅಂಟುಪದರವಾಗಿ ಕೂತು ಕೆಂಡಕ್ಕೆ ಗಾಳಿ ತಾಗದಂತೆ ಮಾಡುತ್ತದೆ.

ಆದರೆ 6 ಕೆಜಿಯ ಸಿಲಿಂಡರ್ ಬುಸುಗುಡುವುದು ಹದಿನೈದು ಸೆಕೆಂಡಿನ ಆಚೀಚೆ, ಅಷ್ಟೇ. ಕಾಕಾ ಅಷ್ಟನ್ನೂ ನೆತ್ತಿಗೆ ಖರ್ಚು ಮಾಡಿದ್ದರು. ತೀರಾ ಹತ್ತಿರ ನಿಂತರೂ ಕೆಲಸ ಕೆಡುತ್ತದೆ. ರಭಸಕ್ಕೆ ಉರಿಯುವ ಎಣ್ಣೆಯೇ ತಟ್ಟೆಯಿಂದ ಹಾರಿ ಸುತ್ತ ಬೀಳುತ್ತದೆ. ಗಾಳಿಯನ್ನು ಬೆನ್ನಿಗಿಟ್ಟುಕೊಂಡು ಎರಡು ಮೂರು ಮೀಟರ್ ದೂರದಿಂದ, ಅಂಗಳ ಗುಡಿಸಿದ ಹಾಗೆ ಅತ್ತಿಂದಿತ್ತ ಆಡಿಸುತ್ತ ಮುಂದೆ ಹೋಗಬೇಕು. ಖಾಸಗಿ ಭದ್ರತಾ ಸಂಸ್ಥೆಗಳ 2005ರ ಕಾಯ್ದೆಯಡಿ ಬಂದ ಮಾದರಿ ನಿಯಮಗಳು ಕಾವಲುಗಾರರಿಗೆ 100 ಗಂಟೆ ಪಾಠ, 60 ಗಂಟೆ ಮೈದಾನದ ತರಬೇತಿ ಎನ್ನುತ್ತವೆ. ಬೆಂಕಿ ಆರಿಸುವುದೂ ಅದರಲ್ಲಿದೆ. ಹಾಜರಿ ಪುಸ್ತಕದಲ್ಲಿ ಗಂಟೆ ಭರ್ತಿಯಾಗುವುದು ಸುಲಭ. ಕೈಗೆ ಪಿನ್ನಿನ ಪರಿಚಯ ಆಗುವುದು ಬೇರೆ ಮಾತು.

ಆಮೇಲೆ ಕಪ್ಪು ಕೊಂಬಿನ ಕಾರ್ಬನ್ ಡೈಆಕ್ಸೈಡ್ ಸಿಲಿಂಡರ್ ಬಂತು. ವಿದ್ಯುತ್ ಪ್ಯಾನಲ್ ಕೋಣೆಗೆ ಇದೇ ಸರಿ. ಪುಡಿ ಬಿದ್ದರೆ ಉರಿಯೇನೋ ಆರೀತು, ಆದರೆ ತೇವ ಹಿಡಿದ ಫಾಸ್ಫೇಟ್ ತಂತಿ–ಸ್ವಿಚ್ಚುಗಳನ್ನೆಲ್ಲ ತಿಂದುಹಾಕುತ್ತದೆ. ಈ ಅನಿಲ ಕಲೆಯಿಲ್ಲದೆ ಹೋಗುತ್ತದೆ. ಹೋಗುವಾಗ ಮೈನಸ್ 78 ಡಿಗ್ರಿಯ ಹಿಮದ ಚೂರುಗಳನ್ನೂ ಉಗುಳುತ್ತದೆ. ಕೊಂಬನ್ನೇ ಬರಿಗೈಯಲ್ಲಿ ಹಿಡಿದರೆ ಚರ್ಮ ಕಚ್ಚೀತು. ಗಾಳಿಗಿಂತ ಒಂದೂವರೆ ಪಟ್ಟು ಭಾರವಾದ್ದರಿಂದ ಸಣ್ಣ ಕೋಣೆಯಲ್ಲಿ ಕೆಳಗೆ ತುಂಬಿಕೊಳ್ಳುತ್ತದೆ. ಹೊಡೆದವರು ಬಾಗಿಲು ಮುಚ್ಚಿ ಹೊರಗೆ ಬರಬೇಕು.

ಹುಡುಗನೊಬ್ಬ ಕೇಳಿದ: “ಇದಕ್ಯಾಕ್ ಮೀಟರ್ ಇಲ್ರಿ?” ಪುಡಿಯ ಸಿಲಿಂಡರಿಗೆ ಹಸಿರು–ಕೆಂಪು ಮುಳ್ಳಿದೆ, ಇದಕ್ಕಿಲ್ಲ. ಒಳಗಿರುವುದು ಒತ್ತಡಕ್ಕೆ ದ್ರವವಾದ ಅನಿಲ. ದ್ರವ ಒಂದಿಷ್ಟು ಉಳಿದಿರುವವರೆಗೂ ಒತ್ತಡವನ್ನು ತೀರ್ಮಾನಿಸುವುದು ಬಿಸಿಲೇ ಹೊರತು ಒಳಗಿರುವ ಪ್ರಮಾಣವಲ್ಲ. ಅರ್ಧ ಸೋರಿಹೋಗಿದ್ದರೂ ಮುಳ್ಳು ಅಲ್ಲಾಡದು. ಹಾಗಾಗಿ ತೂಗಿಯೇ ನೋಡಬೇಕು. ಅನಿಲದ ತೂಕ ಹತ್ತರಲ್ಲೊಂದು ಪಾಲು ಇಳಿದಿದ್ದರೆ ಮತ್ತೆ ತುಂಬಿಸಬೇಕು. ಇನ್ನೊಂದು ಸೋಜಿಗವೂ ಇದೆ. 31 ಡಿಗ್ರಿ ದಾಟಿದರೆ ಈ ಅನಿಲ ಎಷ್ಟೇ ಒತ್ತಿದರೂ ದ್ರವವಾಗದು. ಬಾಗಲಕೋಟೆ, ವಿಜಯಪುರಗಳ ನಲವತ್ತರ ಬೇಸಿಗೆಯಲ್ಲಿ ಗೋಡೆಗೆ ತೂಗುಹಾಕಿದ ಸಿಲಿಂಡರಿನೊಳಗೆ ಇರುವುದು ದ್ರವವೂ ಅಲ್ಲ, ಅನಿಲವೂ ಅಲ್ಲ. ಎರಡರ ನಡುವಿನ ಒಂದು ವಿಚಿತ್ರ ಸ್ಥಿತಿ. ಹಿಗ್ಗಲು ಜಾಗ ಬೇಕೆಂದೇ ಸಿಲಿಂಡರನ್ನು ಕಂಠಮಟ್ಟ ತುಂಬುವುದಿಲ್ಲ.

ಎರಡನೇ ಸರದಿಯಲ್ಲಿ ಕಾಕಾ ನಾಲ್ಕೇ ಸೆಕೆಂಡಿನಲ್ಲಿ ತಟ್ಟೆ ಆರಿಸಿದರು. ಚಪ್ಪಾಳೆ ಬಿತ್ತು. ಅವರ ಕಣ್ಣು ಬಗ್ಯಾಸಿನ ಗುಡ್ಡದ ಕಡೆ ಹೋಯಿತು. “ಅದಕ್ಕ ಹತ್ತಿದ್ರ ಎಷ್ಟ್ ಸಿಲಿಂಡರ್ ಬೇಕ್ರಿ?”

“ಎಷ್ಟಿದ್ರೂ ಸಾಲಂಗಿಲ್ರಿ.”

ಗಾಣದಿಂದ ಹೊರಬರುವ ಬಗ್ಯಾಸಿನಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ನೀರು, ಜೊತೆಗೆ ಹಿಂಡದೆ ಉಳಿದ ಒಂದಿಷ್ಟು ಸಕ್ಕರೆ. ಸೂಕ್ಷ್ಮಜೀವಿಗಳಿಗೆ ಹಬ್ಬದೂಟ. ಅವು ಉಂಡು ಬಿಟ್ಟ ಕಾವು ಗುಡ್ಡದ ಹೊಟ್ಟೆಯಲ್ಲಿ ಕಂಬಳಿ ಹೊದ್ದಂತೆ ಉಳಿದು, ಮುಂದೆ ರಾಸಾಯನಿಕ ಕ್ರಿಯೆ ಕೈಗೆತ್ತಿಕೊಂಡು, ಯಾರೂ ಬೀಡಿ ಎಸೆಯದೆ ಒಳಗೇ ಹೊಗೆಯಾಡಬಹುದು. ಪುಡಿ ಮೇಲ್ಮೈಯಲ್ಲೇ ನಿಲ್ಲುತ್ತದೆ, ಕಾರ್ಬನ್ ಡೈಆಕ್ಸೈಡ್ ಗಾಳಿಗೆ ಹೋಗುತ್ತದೆ. ಯಂತ್ರದಿಂದ ಬಗೆದು, ಬಿಡಿಸಿ, ನೆನೆಸಬೇಕು.

ಇಂಥ ಒಳಗಿಚ್ಚಿಗೆ ದೇಶ ಕೊಟ್ಟ ಬೆಲೆಯನ್ನು ನೆನೆಯಲೆಂದೇ ಏಪ್ರಿಲ್ 14ರಿಂದ ಅಗ್ನಿಶಾಮಕ ಸೇವಾ ಸಪ್ತಾಹ. 1944ರ ಆ ದಿನ ಮುಂಬಯಿಯ ಬಂದರಿನಲ್ಲಿ ಫೋರ್ಟ್ ಸ್ಟಿಕಿನ್ ಹಡಗಿನ ಹತ್ತಿ ಬೇಲುಗಳು ಹೊಗೆಯಾಡತೊಡಗಿದವು. ಅದೇ ಹಡಗಿನಲ್ಲಿ ಸಿಡಿಮದ್ದೂ ಇತ್ತು. ನೀರು ಸುರಿದೇ ಸುರಿದರು, ಬೆಂಕಿಯ ಮೂಲ ಸಿಗಲಿಲ್ಲ. ಸಂಜೆ ನಾಲ್ಕರ ಸುಮಾರಿಗೆ ಹಡಗು ಸಿಡಿದು, ಅಗ್ನಿಶಾಮಕ ದಳದ 66 ಮಂದಿ ಸತ್ತರು.

“ಅಲ್ಲಿ ಹೊಗೀ ಕಂಡ್ರ ಸಿಲಿಂಡರ್ ಹುಡುಕಬ್ಯಾಡ್ರಿ,” ಅಂದರು ತರಬೇತುದಾರರು. “ಗಂಟಿ ಬಾರಿಸ್ರಿ, 112ಕ್ಕ ಫೋನ್ ಹಚ್ರಿ, ಮಂದೀನ್ನ ಹೊರಗ ಹಾಕ್ರಿ.”

ಮಧ್ಯಾಹ್ನ ಊಟ ಮುಗಿಸಿ ಹೊರಡುವಾಗ ಗೇಟಿನ ಬಳಿ ಕಾಕಾ ಸಿಕ್ಕರು. ಕುರ್ಚಿ ಬದಿಗಿಟ್ಟು ಗೋಡೆಯ ಸಿಲಿಂಡರನ್ನು ಎರಡೂ ಕೈಯಲ್ಲಿ ಇಳಿಸಿಕೊಂಡಿದ್ದರು. ಬಹಳ ದಿನ ನಿಂತಲ್ಲೇ ನಿಂತರೆ ಪುಡಿ ಸಿಮೆಂಟಿನ ಚೀಲದ ಹಾಗೆ ತಳದಲ್ಲಿ ಗಟ್ಟಿಯಾಗುತ್ತದೆ, ಆಗಾಗ ತಲೆಕೆಳಗು ಮಾಡಿ ಎಂದು ಬೆಳಗ್ಗೆ ಹೇಳಿದ್ದರಲ್ಲ. ಮೆಲ್ಲಗೆ ಬೋರಲು ಮಾಡಿ ಕಿವಿಗೊಟ್ಟರು. ಏನೂ ಕೇಳಲಿಲ್ಲ. ಅಂಗೈಯಿಂದ ಬುಡಕ್ಕೆ ನಾಲ್ಕು ಪೆಟ್ಟು ಕೊಟ್ಟರು. ಒಳಗೆ ಏನೋ ಕಳಚಿ, ಸರ್ರನೆ ಜಾರಿತು.