ಪಾಪರ್ ಚೀಟಿ ತಗೊಂಡ್ರೆ ಬ್ಯಾಂಕ್‌ನೋರು ಮನೆ ಬಿಟ್ಬಿಡ್ತಾರಾ?

ಮತ್ತೆ ಅದೇ ಪ್ರಶ್ನೆ ಬಂದಿದೆ. ಈ ಸಲ ಕೇಳಿದೋರು ಚನ್ನರಾಯಪಟ್ಟಣದ ಕಡೆಯೋರು: "ಸಾರ್, ಶುಂಠಿ ರೇಟು ಬಿದ್ದು ಮನೆ ಲೋನಿನ ಕಂತು ನಿಂತೋಯ್ತು. ಬ್ಯಾಂಕಿಂದ ಅರವತ್ತು ದಿನದ ನೋಟಿಸ್ ಬಂದಿದೆ. ಪಾಪರ್ ಚೀಟಿ ತಗೊಂಡ್ರೆ ಮನೆ ಮುಟ್ಟೋಕಾಗಲ್ಲ ಅಂತ ಭಾವ ಹೇಳ್ತಿದಾರೆ, ಹೌದಾ?"

ಅಲ್ಲ ಸಾರ್. ಎಷ್ಟು ಸಲ ಬರೆದಿದೀನೋ, ಇನ್ನೂ ಬರೀತೀನಿ, ಯಾಕಂದ್ರೆ ಈ ಮಾತು ನಂಬ್ಕೊಂಡು ಆ ಅರವತ್ತು ದಿನ ಕಳ್ಕೊಂಡೋರನ್ನ ಹಾಸನದಲ್ಲೂ ನೋಡಿದೀನಿ, ಕಡೂರು ಕಡೆನೂ ನೋಡಿದೀನಿ. ಬ್ಯಾಂಕಿಗೆ ಅಡ ಹಾಕಿರೋ ಮನೇನ ಪಾಪರ್ ಚೀಟಿ ಉಳಿಸಲ್ಲ.

ಯಾಕೆ ಉಳಿಸಲ್ಲ ಅಂತ ಸರಿಯಾಗಿ ಕೇಳಿ. ಪಾಪರ್ ಚೀಟಿ ಅಂದ್ರೆ ಕೋರ್ಟಿಗೆ ಅರ್ಜಿ ಹಾಕಿ ದಿವಾಳಿ ಅಂತ ಘೋಷಣೆ ಮಾಡಿಸ್ಕೊಳ್ಳೋದು. ನಮ್ ಕಡೆ ಸಾಮಾನ್ಯ ಮನುಷ್ಯ ದಿವಾಳಿ ಅರ್ಜಿ ಹಾಕೋದು ಇವತ್ತಿಗೂ 1920ರ ಪ್ರಾಂತೀಯ ದಿವಾಳಿ ಕಾಯ್ದೆ ಕೆಳಗೆ. 2016ರಲ್ಲಿ ಹೊಸ ದಿವಾಳಿ ಸಂಹಿತೆ ಬಂತಲ್ಲ, ಅದ್ರಲ್ಲಿ ವ್ಯಕ್ತಿಗಳ ಭಾಗ ಜಾರಿಯಾಗಿರೋದು ಕಂಪನಿ ಸಾಲಕ್ಕೆ ವೈಯಕ್ತಿಕ ಜಾಮೀನು ಹಾಕಿರೋರಿಗೆ ಮಾತ್ರ, ಅದೂ 2019ರ ಡಿಸೆಂಬರಿಂದ. ನಿಮಗೂ ನನಗೂ ಆ ಹಳೇ ಕಾಯ್ದೆನೇ ಗತಿ. 28ನೇ ಸೆಕ್ಷನ್ ಪ್ರಕಾರ ಕೋರ್ಟು ನಿಮ್ಮನ್ನ ದಿವಾಳಿ ಅಂತ ಘೋಷಿಸಿದ ಮೇಲೆ ನಿಮ್ಮ ಆಸ್ತಿ ಎಲ್ಲ ಕೋರ್ಟಿನ ಅಥವಾ ಅದು ನೇಮಿಸಿದ ರಿಸೀವರ್ ಕೈಗೆ ಹೋಗುತ್ತೆ, ಸಾಲ ಕೊಟ್ಟೋರಿಗೆ ಹಂಚಕ್ಕೆ. ಅಂದ್ರೆ ಮನೆ ಉಳಿಸ್ಕೊಳ್ಳಕ್ಕೆ ಅಂತ ಹೋಗಿ ಇರೋದನ್ನೆಲ್ಲ ನೀವೇ ಕೋರ್ಟಿಗೆ ಒಪ್ಪಿಸಿ ಬಂದಂಗಾಯ್ತು. ಇನ್ನು ಅದೇ ಸೆಕ್ಷನ್ನಿನ 6ನೇ ಉಪವಿಭಾಗ ಬಿಡಿಸಿ ಹೇಳುತ್ತೆ, ಅಡಮಾನ ಇಟ್ಕೊಂಡು ಸಾಲ ಕೊಟ್ಟೋನ ಹಕ್ಕಿಗೆ ಇದ್ಯಾವುದೂ ಅಡ್ಡ ಬರಲ್ಲ, ದಿವಾಳಿ ಅರ್ಜಿನೇ ಇಲ್ಲ ಅನ್ನೋ ಹಂಗೆ ಅವನು ಆ ಆಸ್ತಿ ಮಾರ್ಕೋಬಹುದು. ಇದು ನೂರು ವರ್ಷದಿಂದ ಅಲ್ಲೇ ಇದೆ. ಅದು ಸಾಲದು ಅಂತ 2002ರ ಸರ್ಫೇಸಿ ಕಾಯ್ದೆ (ಕಂತು ನಿಂತ್ರೆ ಅಡ ಹಾಕಿರೋ ಆಸ್ತಿನ ಬ್ಯಾಂಕೇ ವಶಕ್ಕೆ ತಗೊಂಡು ಮಾರೋಕೆ ಇರೋ ಕಾಯ್ದೆ), ಅದರ 35ನೇ ಸೆಕ್ಷನ್, ಬೇರೆ ಕಾಯ್ದೆಲಿ ಇದಕ್ಕೆ ವಿರುದ್ಧ ಏನಿದ್ರೂ ನಮ್ದೇ ನಡಿಯೋದು ಅನ್ನುತ್ತೆ.

ಹಂಗಾದ್ರೆ "ನಮ್ಮೂರಲ್ಲಿ ಇಂಥೋರು ಪಾಪರ್ ಚೀಟಿ ತಗೊಂಡು ಆರಾಮಾಗಿ ಅದೇ ಮನೇಲಿದಾರಲ್ಲ" ಅಂತೀರಿ. ಪ್ರತಿ ಸಲ ಬರೋ ಮಾತು ಇದು, ಸುಳ್ಳೂ ಅಲ್ಲ. ಆದ್ರೆ ಅವರ ಸಾಲ ಯಾವುದು ಅಂತ ಯಾರೂ ಕೇಳಿರಲ್ಲ. ಹೆಚ್ಚಿನ ಕಡೆ ಅದು ಕೈಸಾಲ, ಪ್ರೋನೋಟು, ಚೀಟಿ ದುಡ್ಡು, ಗೊಬ್ಬರದಂಗಡಿ ಬಾಕಿ. ಮನೆ ಯಾರಿಗೂ ಅಡ ಹಾಕಿರಲ್ಲ. ವ್ಯವಸಾಯ ಮಾಡೋನು ವಾಸ ಇರೋ ಮನೇನ ಮಾಮೂಲಿ ದುಡ್ಡಿನ ಡಿಕ್ರಿಗೆ ಜಪ್ತಿ ಮಾಡಂಗಿಲ್ಲ ಅಂತ ಸಿವಿಲ್ ಪ್ರಕ್ರಿಯಾ ಸಂಹಿತೆ 60ನೇ ಸೆಕ್ಷನ್ನಲ್ಲೇ ಇದೆ, ಹಂಗೆ ಜಪ್ತಿ ಮಾಡಬಾರದ ಆಸ್ತಿ ದಿವಾಳಿ ಆದಾಗ್ಲೂ ರಿಸೀವರ್ ಕೈಗೆ ಹೋಗಲ್ಲ. ಮನೆ ಉಳಿದಿದ್ದು ಆ ರಕ್ಷಣೆಯಿಂದ. ಅಡಮಾನ ಪತ್ರಕ್ಕೆ ನೀವೇ ಸೈನ್ ಹಾಕಿ ಕೊಟ್ಟ ಮನೆಗೆ ಆ ರಕ್ಷಣೆ ಇಲ್ಲ. ಎರಡೂ ಮನೆ ಒಂದೇ ಬೀದೀಲಿ ಇರಬಹುದು ಕಣ್ರೀ, ಕಾನೂನಿನ ಕಣ್ಣಿಗೆ ಬೇರೆ ಬೇರೆ.

"ಹೆಂಡ್ತಿ ಹೆಸರಿಗೆ ದಾನಪತ್ರ ಮಾಡ್ಬಿಟ್ಟು ಆಮೇಲೆ ಪಾಪರ್ ಅಂತ ಹಾಕಿದ್ರೆ?" ಅನ್ನೋರೂ ಇದಾರೆ. ದಿವಾಳಿ ಆಗೋಕೆ ಮುಂಚೆ ಎರಡು ವರ್ಷದೊಳಗೆ ಪುಕ್ಸಟ್ಟೆ ಮಾಡಿದ ವರ್ಗಾವಣೆನ ಕೋರ್ಟು ರದ್ದು ಮಾಡಬಹುದು, ಆ 1920ರ ಕಾಯ್ದೆಯ 53ನೇ ಸೆಕ್ಷನ್ ಇರೋದೇ ಅದಕ್ಕೆ. ಜೊತೆಗೆ ಅಡಮಾನ ಅನ್ನೋದು ಆಸ್ತಿ ಜೊತೆನೇ ಹೋಗುತ್ತೆ, ಖಾತೆ ಯಾರ ಹೆಸರಿಗಾದ್ರೂ ಬರ್ಲಿ. ದಯವಿಟ್ಟು ಇದನ್ನ ಮಾಡಕ್ಕೋಗ್ಬೇಡಿ, ಕಂತು ತಪ್ಪಿದ ಮನುಷ್ಯ ಕೋರ್ಟಿನ ಮುಂದೆ ಮೋಸಗಾರ ಆಗಿ ನಿಲ್ಬೇಕಾಗುತ್ತೆ.

ಹಂಗಂತ ದಿವಾಳಿ ಅರ್ಜಿ ದಂಡ ಅಂತ ನಾನು ಹೇಳ್ತಿಲ್ಲ. ಕೈಸಾಲದೋರು ಡಿಕ್ರಿ ಮಾಡಿಸ್ಕೊಂಡು ಸಿವಿಲ್ ಜೈಲಿಗೆ ಹಾಕ್ಸೋಕೆ ಹೊರಟಿದ್ರೆ ಕೋರ್ಟಿಂದ ರಕ್ಷಣೆ ಆದೇಶ ಸಿಗಬಹುದು. ಆದ್ರೆ ಬೆಲೆನೂ ಇದೆ. ದಿವಾಳಿ ಆಗಿದೀನಿ ಅಂತ ಹೇಳದೆ 50 ರೂಪಾಯಿ ಸಾಲ ಮಾಡಿದ್ರೂ ಅಪರಾಧ, ಆರು ತಿಂಗಳವರೆಗೆ ಜೈಲು. 1920ರ ಮೊತ್ತ ಅದು, ಬದಲಾಗಿಲ್ಲ. ಸರ್ಕಾರಕ್ಕೆ ಕೊಡಬೇಕಾದ ಬಾಕಿ, ಮೋಸದಿಂದ ಮಾಡಿದ ಸಾಲ ಇವೆಲ್ಲ ಕೊನೇಲಿ ಕೋರ್ಟಿಂದ ಸಾಲಗಳ ಬಿಡುಗಡೆ ಸಿಕ್ಕಿದ್ರೂ ತೀರಲ್ಲ. ಚೆಕ್ ಬೌನ್ಸ್ ಕೇಸ್ ಇದ್ರೆ ಅದು ಕ್ರಿಮಿನಲ್ಲು, ಅದರ ಪಾಡಿಗೆ ಅದು ನಡೀತಾ ಇರುತ್ತೆ.

ಇನ್ನು ಆ ಅರವತ್ತು ದಿನದ ವಿಷಯ. ಕಂತು 90 ದಿನ ಮೀರಿ ಬಾಕಿ ಉಳಿದ್ರೆ ಸಾಲ ಎನ್‌ಪಿಎ, ಅಂದ್ರೆ ಕೆಟ್ಟ ಸಾಲ ಆಗುತ್ತೆ, ಆಮೇಲೆ ಬರೋದೇ ಸರ್ಫೇಸಿ ಕಾಯ್ದೆಯ 13(2) ನೋಟಿಸು, ಅದೇ ನಿಮ್ಮ ಅರವತ್ತು ದಿನದ ನೋಟಿಸು. ಪೋಸ್ಟ್‌ಮ್ಯಾನ್ ತಂದ ಕವರ್ ವಾಪಸ್ ಕಳಿಸಿದ್ರೆ ನೋಟಿಸ್ ಆಗಲ್ಲ ಅಂತ ಅಂದ್ಕೋಬೇಡಿ, ಬಾಗಿಲಿಗೆ ಅಂಟಿಸಿ ಪೇಪರಲ್ಲಿ ಹಾಕಿದ್ರೆ ಆಗೋಯ್ತು. ಕವರ್ ಒಡೆದು ಓದಿ. ಅಸಲು ಎಷ್ಟು, ಬಡ್ಡಿ ಎಷ್ಟು, ದಂಡದ ಬಾಬ್ತು ಎಷ್ಟು ಹಾಕಿದಾರೆ ಅಂತ ನಿಮ್ಮ ಪಾಸ್‌ಬುಕ್ ಜೊತೆ ತಾಳೆ ನೋಡಿ, ತಪ್ಪಿದ್ರೆ ಲಿಖಿತವಾಗಿ ಆಕ್ಷೇಪಣೆ ಕೊಡಿ, ಬ್ಯಾಂಕ್‌ನೋರು 15 ದಿನದೊಳಗೆ ಕಾರಣ ಬರೆದು ಉತ್ತರ ಕೊಡಲೇಬೇಕು. ಸಾಲದಲ್ಲಿ ಹೆಚ್ಚಿನ ಭಾಗ ತೀರಿ ಶೇಕಡಾ 20ಕ್ಕಿಂತ ಕಮ್ಮಿ ಉಳಿದಿದ್ರೆ ಈ ಕಾಯ್ದೆನೇ ನಿಮ್ಮ ಮೇಲೆ ಬಳಸೋ ಹಂಗಿಲ್ಲ, ಇದು ಎಷ್ಟೋ ಜನಕ್ಕೆ ಗೊತ್ತಿಲ್ಲ. ಕೃಷಿ ಜಮೀನು ಅಡ ಹಾಕಿದ್ರೂ ಅಷ್ಟೇ. ಆದ್ರೆ ಅಲಿನೇಷನ್ ಆದ (ಕೃಷಿಯಿಂದ ಬೇರೆ ಉಪಯೋಗಕ್ಕೆ ಬದಲಾಯಿಸಿದ) ಸೈಟಲ್ಲಿ ಕಟ್ಟಿರೋ ಮನೆ ಕೃಷಿ ಜಮೀನಲ್ಲ. ಮೂಡಿಗೆರೆ, ಸಕಲೇಶಪುರದ ಕಾಫಿ ತೋಟದೋರ ತಕರಾರು ಬೇರೆನೇ ಇದೆ, ತೋಟನ ಸರ್ಫೇಸಿಯಿಂದ ಹೊರಗಿಡಿ ಅಂತ ಬೆಳೆಗಾರರು ಕೇಳ್ತಾನೇ ಬಂದಿದಾರೆ, ಅದನ್ನ ಮನೆಗೆ ತಳಕು ಹಾಕ್ಬೇಡಿ.

ಅರವತ್ತು ದಿನ ಆದ್ಮೇಲೆ ಸ್ವಾಧೀನದ ನೋಟಿಸು. ಒಂದು ಬೆಳಿಗ್ಗೆ ಬಾಗಿಲ ಮೇಲೆ ಅಂಟಿಸಿ ಫೋಟೋ ತಗೊಂಡು ಹೋಗ್ತಾರೆ, ವಾರದೊಳಗೆ ಎರಡು ಪೇಪರಲ್ಲಿ ಬರುತ್ತೆ, ಒಂದು ಕನ್ನಡದ್ದು. ನಿಮ್ಮ ಹೆಸರು, ತಂದೆ ಹೆಸರು, ಬಾಕಿ ಮೊತ್ತ, ಪೂರ್ವಕ್ಕೆ ರಸ್ತೆ ಪಶ್ಚಿಮಕ್ಕೆ ಇಂಥೋರ ಮನೆ ಅಂತ ಚಕ್ಕುಬಂದಿ ಸಮೇತ. ಮಾನ ಹೋಯ್ತು ಅಂತ ಕೈ ಚೆಲ್ಲೋದು ಇಲ್ಲೇ. ಆದ್ರೆ ಮನೆ ಇನ್ನೂ ಹೋಗಿಲ್ಲ! ಆ ಕ್ರಮದಿಂದ 45 ದಿನದೊಳಗೆ ಬೆಂಗಳೂರಿನ ಸಾಲ ವಸೂಲಾತಿ ನ್ಯಾಯಮಂಡಳಿಗೆ ಹೋಗ್ಬಹುದು. ಅಲ್ಲಿಗೇ ಹೋಗ್ಬೇಕು, ಹಾಸನದ ಸಿವಿಲ್ ಕೋರ್ಟಲ್ಲಿ ಸ್ಟೇ ತರ್ತೀನಿ ಅಂತ ಯಾರಾದ್ರೂ ಫೀಸ್ ಕೇಳಿದ್ರೆ ಸಿವಿಲ್ ಕೋರ್ಟು ಇದರಲ್ಲಿ ಕೈ ಹಾಕಂಗಿಲ್ಲ ಅನ್ನೋ ಸರ್ಫೇಸಿಯ 34ನೇ ಸೆಕ್ಷನ್ ತೋರಿಸಿ. ನೀವಾಗಿ ಬಿಡದಿದ್ರೆ ಬ್ಯಾಂಕ್‌ನೋರು ಡಿಸಿ ಅಥವಾ ಸಿಜೆಎಂ (ಮುಖ್ಯ ನ್ಯಾಯಿಕ ಮ್ಯಾಜಿಸ್ಟ್ರೇಟ್) ಆದೇಶ ತಗೊಂಡು ಪೊಲೀಸ್ ಸಮೇತ ಬರ್ತಾರೆ.

ಇದರಲ್ಲಿ ನೆನಪಿಡಬೇಕಾದ ಗಡಿ ಒಂದಿದೆ. ಹಿಂದೆ ಹರಾಜು ಮುಗಿಯೋವರೆಗೂ ದುಡ್ಡು ಕಟ್ಟಿ ಬಿಡಿಸ್ಕೊಬಹುದು ಅಂತಿತ್ತು. 2016ರ ತಿದ್ದುಪಡಿ ಆದ್ಮೇಲೆ ಹರಾಜು ಪ್ರಕಟಣೆ ಹೊರಡೋಕೆ ಮುಂಚೆನೇ ಪೂರ್ತಿ ಬಾಕಿ ಕಟ್ಟಬೇಕು, 2023ರಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಹೇಳ್ತು. ಹಂಗಾಗಿ ಒನ್ ಟೈಮ್ ಸೆಟಲ್‌ಮೆಂಟ್ (ಒಂದೇ ಸಲಕ್ಕೆ ಇಷ್ಟು ಕಟ್ತೀನಿ ಅಂತ ರಾಜಿ) ಕೇಳೋದಿದ್ರೆ, ಲೋಕ ಅದಾಲತ್ತಿಗೆ ಹೋಗೋದಿದ್ರೆ, ತವರುಮನೆಯೋರ ಹತ್ರ ಕೈ ಚಾಚೋದಿದ್ರೆ ಎಲ್ಲ ಅದಕ್ಕೆ ಮುಂಚೆ. ಆಗಲ್ಲ ಅಂತ ಖಾತ್ರಿ ಆದ್ರೆ ಬ್ಯಾಂಕ್‌ನೋರ ಒಪ್ಪಿಗೆ ತಗೊಂಡು ನೀವೇ ಗಿರಾಕಿ ಹುಡುಕಿ ಮಾರಿ, ಸಾಲ ತೀರಿಸಿ. ಹರಾಜಲ್ಲಿ ಕೂಗೋ ರೇಟಿಗೂ ನೀವು ಪರಿಚಯದೋರಿಗೆ ಕೊಡೋ ರೇಟಿಗೂ ತುಂಬಾ ವ್ಯತ್ಯಾಸ ಇರುತ್ತೆ. ಹರಾಜಲ್ಲೇ ಹೋಗಿ ಬಾಕಿಗಿಂತ ಜಾಸ್ತಿ ಬಂದ್ರೆ, ಖರ್ಚು ಕಳೆದು ಮಿಕ್ಕಿದ್ದು ನಿಮ್ದು, ಕೇಳಿ ಪಡ್ಕೊಳ್ಳಿ. ಕಮ್ಮಿ ಬಂದ್ರೆ ಉಳಿದಿದ್ದಕ್ಕೆ ಬ್ಯಾಂಕ್ ನಿಮ್ಮ ಹಿಂದೆ ಮತ್ತೆ ಬರಬಹುದು.

ಇಷ್ಟರಲ್ಲಿ ಒಬ್ಬರ ವಿಷಯ ನೀವು ಕೇಳಲೇ ಇಲ್ಲ, ಯಾರೂ ಕೇಳಲ್ಲ: ನಿಮಗೆ ಜಾಮೀನು ಹಾಕಿದೋರು. ಯಾವುದೋ ಮದುವೆಲೋ ಸಂತೇಲೋ ಸಿಕ್ಕಾಗ "ಒಂದು ಸೈನ್ ಅಷ್ಟೇ ಕಣಣ್ಣ" ಅಂತ ಹಾಕಿಸ್ಕೊಂಡಿರ್ತೀರಿ. ಕರಾರು ಕಾಯ್ದೆ 128ನೇ ಸೆಕ್ಷನ್ ಪ್ರಕಾರ ನಿಮ್ಮಷ್ಟೇ ಹೊಣೆ ಅವರದ್ದೂ, ನಿಮ್ಮ ಮನೆ ಮಾರಿ ಸಾಲದಿದ್ರೆ ಮಾತ್ರ ಅವರ ಹತ್ರ ಹೋಗ್ಬೇಕು ಅಂತ ನಿಯಮ ಇಲ್ಲ. ನೀವು ದಿವಾಳಿ ಆಗಿ ಕೋರ್ಟಿಂದ ಬಿಡುಗಡೆ ತಗೊಂಡ್ರೂ ಅವರಿಗೆ ಬಿಡುಗಡೆ ಇಲ್ಲ, ಆ 1920ರ ಕಾಯ್ದೆಯ 44ನೇ ಸೆಕ್ಷನ್ನಲ್ಲೇ ಬರೆದಿದೆ. ಪಾಪರ್ ಚೀಟಿ ಅಂತ ಓಡಾಡೋ ಭಾವನಿಗೆ ಇದನ್ನ ಓದಿಸಿ, ಎಷ್ಟೋ ಸಲ ಜಾಮೀನುದಾರ ಅವರೇ ಆಗಿರ್ತಾರೆ. ಜಾಮೀನು ಹಾಕಿದೋರು ಇದನ್ನ ಓದ್ತಿದ್ರೆ, ನಿಮಗೂ 13(2) ನೋಟಿಸ್ ಬರಬಹುದು, ನೀವೂ ಆಕ್ಷೇಪಣೆ ಕೊಡಬಹುದು. ಪೂರ್ತಿ ಬಾಕಿ ನೀವೇ ಕಟ್ಟಿದ್ರೆ ಕರಾರು ಕಾಯ್ದೆಯ 140ನೇ ಸೆಕ್ಷನ್ ಪ್ರಕಾರ ಬ್ಯಾಂಕಿಗಿದ್ದ ಹಕ್ಕು ನಿಮಗೆ ಬರುತ್ತೆ, ಕಟ್ಟಿದ ರಸೀದಿ ಎಲ್ಲ ಜೋಪಾನವಾಗಿಟ್ಕೊಳ್ಳಿ, ಅಡಮಾನದ ಕಾಗದ ಪತ್ರನೂ ಬ್ಯಾಂಕಿಂದ ಕೇಳಿ ತಗೊಳ್ಳಿ.