ಗಾಳಿಯಲ್ಲಿ ಹಾಕಿದ ಹೊಲಿಗೆ: ಲೇಸ್ ಕಲೆಯ ಗುಟ್ಟು ಕೈಯಿಂದ ಕೈಗೆ ಬಂದ ಬಗೆ

1872ರ ಚಳಿಗಾಲ ವೆನಿಸ್ ಬಳಿಯ ಬುರಾನೊ ದ್ವೀಪದವರನ್ನು ಹಸಿವಿಗೆ ತಳ್ಳಿತು. ಸುತ್ತಲಿನ ನೀರು ಹೆಪ್ಪುಗಟ್ಟಿ ದೋಣಿಗಳು ಕದಲಲಿಲ್ಲ. ಮೀನು ಹಿಡಿದು ಬದುಕುವ ಮನೆಗಳಲ್ಲಿ ಒಲೆ ಹೊತ್ತುವುದೇ ಕಷ್ಟವಾಯಿತು. ನೆರವಿಗೆ ಹಣ ಕೂಡಿಸಿದವರಿಗೆ, ಆ ಹಣ ಮುಗಿದ ಮೇಲೆ ಇವರ ಗತಿಯೇನು ಎಂಬ ಚಿಂತೆ ಹತ್ತಿತು. ಎರಡು ಶತಮಾನಗಳ ಹಿಂದೆ ಇದೇ ದ್ವೀಪದ ಹೆಂಗಸರ ಕೈಯ ಲೇಸ್ ಯುರೋಪಿನ ಅರಮನೆಗಳಿಗೆ ಹೋಗುತ್ತಿತ್ತಲ್ಲವೇ ಎಂದು ಯಾರಿಗೋ ನೆನಪಾಯಿತು. ಆ ಹೊಲಿಗೆ ಬಲ್ಲವರು ಯಾರಾದರೂ ಉಳಿದಿದ್ದಾರೆಯೇ ಎಂದು ಹುಡುಕಿದರೆ ಸಿಕ್ಕಿದ್ದು ಒಬ್ಬರೇ ಒಬ್ಬರು: ಎಪ್ಪತ್ತು ದಾಟಿದ್ದ ಚೆಂಚಿಯಾ ಸ್ಕಾರ್ಪಾರಿಯೋಲಾ.

ಅಜ್ಜಿಗೆ ಕೆಲಸ ಬರುತ್ತಿತ್ತು, ಹೇಳಿಕೊಡಲು ಬರುತ್ತಿರಲಿಲ್ಲ. ಬೆರಳಿಗೆ ಗೊತ್ತಿದ್ದದ್ದು ಬಾಯಿಗೆ ಬಾರದು. ಕೊನೆಗೆ ಆನ್ನಾ ಬೆಲ್ಲೋರಿಯೊ ಡೆಸ್ತೆ ಎಂಬ ಶಾಲಾ ಅಧ್ಯಾಪಕಿ ಅಜ್ಜಿಯ ಪಕ್ಕದಲ್ಲಿ ಕುಳಿತು, ಸೂಜಿ ಎಲ್ಲಿ ಹೊಕ್ಕು ಎಲ್ಲಿ ಹೊರಬರುತ್ತದೆ, ಎಳೆ ಎಲ್ಲಿ ಸಡಿಲ, ಎಲ್ಲಿ ಬಿಗಿ ಎಂದು ಕಣ್ಣಲ್ಲೇ ಕಲಿತರು. ಕಲಿತದ್ದನ್ನು ಎಂಟು ಮಂದಿ ಹುಡುಗಿಯರಿಗೆ ದಾಟಿಸಿದರು. ಕೌಂಟೆಸ್ ಆಂದ್ರಿಯಾನಾ ಮಾರ್ಚೆಲ್ಲೊ ಅವರ ಬೆಂಬಲದಿಂದ ಬೆಳೆದ ಆ ಶಾಲೆ ಸುಮಾರು ನೂರು ವರ್ಷ ನಡೆಯಿತು. ಅದರ ಕಟ್ಟಡ ಇಂದು ಲೇಸ್ ವಸ್ತುಸಂಗ್ರಹಾಲಯ.

ಯುರೋಪಿನ ಒಂದು ಮಹಾ ಕಲೆ ಒಬ್ಬ ಮುದುಕಿಯ ಹತ್ತು ಬೆರಳುಗಳಿಗೆ ಇಳಿಯುವ ಸ್ಥಿತಿ ಹೇಗೆ ಬಂತು? ಯಂತ್ರ ಬಂತು, ಕೈಕೆಲಸ ಸತ್ತಿತು ಎನ್ನುವುದು ಸಾಮಾನ್ಯವಾಗಿ ಸಿಗುವ ಉತ್ತರ. ಅದು ಅರ್ಧ ಸತ್ಯ. ಯಂತ್ರ ಬರುವುದಕ್ಕಿಂತ ಬಹಳ ಹಿಂದೆಯೇ ಈ ಕಲೆಯನ್ನು ಬೀಗ ಹಾಕಿ ಇಡುವ ಕೆಲಸ ಶುರುವಾಗಿತ್ತು. ಹಾಗೆ ಬೀಗ ಹಾಕಿದವರು ಲೇಸ್ ಮಾಡುವವರಲ್ಲ.

ಮೊದಲು ಲೇಸ್ ಎಂದರೇನು ಎಂಬುದನ್ನು ನೋಡೋಣ. ಕಸೂತಿಗೆ ಬಟ್ಟೆ ಬೇಕು, ನೇಯ್ಗೆಗೆ ಮಗ್ಗ ಬೇಕು. ಲೇಸಿಗೆ ಇವೆರಡೂ ಬೇಡ. ಬರಿಯ ದಾರ ತನ್ನನ್ನೇ ತಾನು ಹಿಡಿದುಕೊಂಡು ನಿಲ್ಲಬೇಕು. ಅದು ಹುಟ್ಟಿದ್ದು ಬಟ್ಟೆಯನ್ನು ಸ್ವಲ್ಪ ಸ್ವಲ್ಪವಾಗಿ ಕಳೆಯುತ್ತಾ ಹೋದದ್ದರಿಂದ. ನಾರುಬಟ್ಟೆಯ ಕೆಲವು ಎಳೆಗಳನ್ನು ಕಿತ್ತು, ಉಳಿದವುಗಳ ಸುತ್ತ ಹೊಲಿದರು. ಆಮೇಲೆ ಚೌಕಗಳನ್ನೇ ಕತ್ತರಿಸಿ ತೆಗೆದು, ಆ ಖಾಲಿ ಜಾಗದಲ್ಲಿ ಕಾಜಾ ಹೊಲಿಗೆಯಿಂದ ನಕ್ಷತ್ರ, ಚಕ್ರಗಳನ್ನು ತುಂಬಿದರು. ಹದಿನಾರನೆಯ ಶತಮಾನದಲ್ಲಿ ಒಂದು ಹಂತದಲ್ಲಿ ಬಟ್ಟೆಯೇ ಉಳಿಯಲಿಲ್ಲ. ಚರ್ಮಕಾಗದದ ಮೇಲೆ ವಿನ್ಯಾಸ ಬರೆದು, ಗೆರೆಗಳ ಗುಂಟ ದಪ್ಪ ದಾರವನ್ನು ತಾತ್ಕಾಲಿಕವಾಗಿ ಹೊಲಿದು ಕೂರಿಸಿ, ಆ ದಾರಕ್ಕೆ ಮಾತ್ರ ಹೊಲಿಗೆ ಹಾಕುತ್ತಾ ಹೋಗುವುದು. ಕೊನೆಗೆ ಅಡಿಯ ಟಾಕುಗಳನ್ನು ಕತ್ತರಿಸಿದರೆ ಲೇಸ್ ಬಿಡಿಸಿಕೊಂಡು ಕೈಗೆ ಬರುತ್ತದೆ. ವೆನಿಸ್‌ನವರು ಇದನ್ನು 'ಪುಂತೊ ಇನ್ ಆರಿಯಾ' ಎಂದರು. ಗಾಳಿಯಲ್ಲಿ ಹಾಕಿದ ಹೊಲಿಗೆ ಎಂದರ್ಥ. ಇದಕ್ಕಿಂತ ಒಳ್ಳೆಯ ಹೆಸರನ್ನು ನಾನು ಯಾವ ಕೈಕೆಲಸದಲ್ಲೂ ಕೇಳಿಲ್ಲ.

ಇದು ಸೂಜಿ ಲೇಸ್. ಇನ್ನೊಂದು ಕವಲು ಬಾಬಿನ್ ಲೇಸ್. ಹುಟ್ಟಿನಿಂದಲೇ ಅದು ಹೆಣಿಗೆಯ, ಜಡೆಯ ಜಾತಿಗೆ ಸೇರಿದ್ದು. ಗಟ್ಟಿಯಾಗಿ ತುಂಬಿದ ದಿಂಬಿನ ಮೇಲೆ ತೂತು ಚುಚ್ಚಿದ ನಮೂನೆ, ತೂತುಗಳಲ್ಲಿ ಗುಂಡುಸೂಜಿ, ದಾರದ ತುದಿಗಳಲ್ಲಿ ಕಡ್ಡಿಯಂಥ ಮರದ ಬಾಬಿನ್‌ಗಳು. ಬಾಬಿನ್‌ಗಳು ಯಾವಾಗಲೂ ಜೋಡಿಯಾಗಿ ನಡೆಯುತ್ತವೆ. ನೋಡುವವರಿಗೆ ನೂರಾರು ಬಾಬಿನ್‌ಗಳ ಗೋಜಲು. ನಿಜವಾಗಿ ಇರುವುದು ಎರಡೇ ಚಲನೆ. ಎರಡು ಜೋಡಿ, ಅಂದರೆ ನಾಲ್ಕು ಎಳೆ ತೆಗೆದುಕೊಳ್ಳಿ. ನಡುವಿನ ಎರಡರಲ್ಲಿ ಎಡದ್ದನ್ನು ಬಲದ್ದರ ಮೇಲೆ ಹಾಯಿಸಿದರೆ ಅದು ದಾಟು. ಪ್ರತಿ ಜೋಡಿಯೊಳಗೆ ಬಲದ್ದನ್ನು ಎಡದ್ದರ ಮೇಲೆ ಹಾಯಿಸಿದರೆ ಅದು ತಿರುವು. ದಾಟು, ತಿರುವು, ದಾಟು ಎಂದರೆ ಬಟ್ಟೆಯಂತೆ ಒತ್ತಾದ ಹೆಣಿಗೆ. ದಾಟು, ತಿರುವು ಎಂದಷ್ಟಕ್ಕೇ ನಿಲ್ಲಿಸಿದರೆ ಬೆಳಕು ಹಾಯುವ ತೆಳು ಜಾಲರಿ. ಇಂದಿನ ಬೆಲ್ಜಿಯಂ ಭಾಗದ ಫ್ಲ್ಯಾಂಡರ್ಸ್‌ನ ಮಂಜಿನಂಥ ಜಾಲವಾಗಲಿ, ಫ್ರಾನ್ಸಿನ ಷಾಂಟಿಯಿಯ ಕಪ್ಪು ರೇಷ್ಮೆಯ ಹೂಗಳಾಗಲಿ ಈ ಎರಡೇ ಚಲನೆಗಳ ಮೇಲೆ ನಿಂತಿವೆ. ಮೊದಲ ದಿನ ಇದನ್ನು ನನಗೆ ತೋರಿಸಿದವರು ಬಾಯಲ್ಲಿ ಹೆಚ್ಚೇನೂ ಹೇಳಲಿಲ್ಲ. ನನ್ನ ಕೈಯ ಮೇಲೆ ತಮ್ಮ ಕೈ ಇಟ್ಟು ನಾಲ್ಕು ಸಾಲು ನಡೆಸಿದರು. ಐದನೆಯ ಸಾಲಿಗೆ ಕೈ ತಾನಾಗಿ ಹೋಯಿತು.

ಲೇಸಿನ ಮೊದಲ ದಿನಗಳಲ್ಲಿ ಈ ತಿಳಿವಳಿಕೆ ಧಾರಾಳವಾಗಿ ಹರಿದಾಡಿತು. ಮುದ್ರಣಯಂತ್ರ ಬಂದು ಕೆಲವೇ ದಶಕಗಳಾಗಿದ್ದ ಕಾಲ. ವೆನಿಸ್‌ನ ಮುದ್ರಕರು ಸೂಜಿಕೆಲಸದ ನಮೂನೆಪುಸ್ತಕಗಳನ್ನು ಒಂದರ ಹಿಂದೆ ಒಂದು ಹೊರತಂದರು. 1557ರಲ್ಲಿ ಅಲ್ಲಿ ಪ್ರಕಟವಾದ 'ಲೆ ಪೊಂಪೆ' ಬಾಬಿನ್ ಲೇಸಿಗೆಂದೇ ಮೀಸಲಾದ ಪುಸ್ತಕ. 1561ರಲ್ಲಿ ಜ್ಯೂರಿಕ್‌ನಲ್ಲಿ ಒಬ್ಬ ಮಹಿಳೆ ಇನ್ನೊಂದನ್ನು ತಂದರು. ಅವರ ಪೂರ್ತಿ ಹೆಸರು ಉಳಿದಿಲ್ಲ, ಆರ್.ಎಂ. ಎಂಬ ಎರಡು ಅಕ್ಷರ ಮಾತ್ರ. ಇಪ್ಪತ್ತೈದು ವರ್ಷಗಳ ಹಿಂದೆ ಇಟಲಿಯಿಂದ ಬಂದ ವ್ಯಾಪಾರಿಗಳ ಮೂಲಕ ಈ ಕಲೆ ತಮ್ಮ ಊರಿಗೆ ಬಂತು, ಚುರುಕಾದ ಹೆಂಗಸರು ನೋಡಿ ನೋಡಿ ಕಲಿತರು ಎಂದು ಅವರು ಬರೆದಿದ್ದಾರೆ. 1587ರಲ್ಲಿ ಪ್ಯಾರಿಸ್‌ನಲ್ಲಿ ಫೆದೆರಿಕೊ ವಿಂಚಿಯೋಲೊ ಅವರ ಪುಸ್ತಕ ಬಂದು ಮತ್ತೆ ಮತ್ತೆ ಮುದ್ರಣಗೊಂಡಿತು. ರೋಮ್‌ನಲ್ಲಿ ಇಸಬೆಲ್ಲಾ ಪಾರಸೋಲೆ ತಾವೇ ವಿನ್ಯಾಸಗಳನ್ನು ರಚಿಸಿ ಪ್ರಕಟಿಸಿದರು.

ಈ ಪುಸ್ತಕಗಳ ಪ್ರತಿಗಳು ಇಂದು ಬಹಳ ವಿರಳ. ಕಾರಣ ಕೇಳಿದರೆ ಸಂತೋಷವಾಗುತ್ತದೆ: ಹೆಂಗಸರು ಅವನ್ನು ಬಳಸಿಯೇ ಮುಗಿಸಿಬಿಟ್ಟರು. ಹಾಳೆಯನ್ನು ಹರಿದು, ಗೆರೆಗಳ ಮೇಲೆ ಸೂಜಿಯಿಂದ ಚುಚ್ಚಿ, ತೂತುಗಳ ಮೂಲಕ ಪುಡಿ ಉದುರಿಸಿ ವಿನ್ಯಾಸವನ್ನು ಇನ್ನೊಂದು ಹಾಳೆಗೆ ಇಳಿಸುತ್ತಿದ್ದರು. ಹಾಳೆ ಚಿಂದಿಯಾಗುವಷ್ಟರಲ್ಲಿ ಅದರ ನಕಲು ನೆರೆಮನೆಯಲ್ಲಿರುತ್ತಿತ್ತು.

ಹದಿನೇಳನೆಯ ಶತಮಾನದ ಹೊತ್ತಿಗೆ ಲೇಸ್ ದೊಡ್ಡ ದುಡ್ಡಿನ ಸರಕಾಯಿತು. ಗಂಡಸರ ಕೊರಳಪಟ್ಟಿ, ತೋಳಿನ ಅಂಚು, ಬೂಟಿನ ಮೇಲ್ತುದಿಗೂ ಲೇಸ್. ಫ್ರಾನ್ಸಿನ ಹಣ ವೆನಿಸ್‌ಗೂ ಫ್ಲ್ಯಾಂಡರ್ಸ್‌ಗೂ ಹರಿದುಹೋಗುವುದನ್ನು ಕಂಡು ಹದಿನಾಲ್ಕನೆಯ ಲೂಯಿಯ ಮಂತ್ರಿ ಕೊಲ್ಬೇರ್ 1665ರಲ್ಲಿ ರಾಜಾಶ್ರಯದ ಲೇಸ್ ಕಾರ್ಖಾನೆಗಳನ್ನು ಸ್ಥಾಪಿಸಿ, ವೆನಿಸ್‌ನ ಕೆಲಸಗಾರ್ತಿಯರನ್ನು ಕರೆಸಿಕೊಂಡರು. ಕಲೆಯನ್ನು ಹೊರದೇಶಕ್ಕೆ ಒಯ್ದ ಕುಶಲಕರ್ಮಿಗಳು ಮರಳದಿದ್ದರೆ ಅವರ ಬಂಧುಗಳನ್ನು ಸೆರೆಗೆ ಹಾಕುವ ಬೆದರಿಕೆ ವೆನಿಸ್ ಗಣರಾಜ್ಯದ್ದು. ಇಂಗ್ಲೆಂಡು 1662ರಲ್ಲಿ ವಿದೇಶಿ ಲೇಸಿನ ಆಮದನ್ನೇ ನಿಷೇಧಿಸಿತು; ಫಲವಾಗಿ ಕಳ್ಳಸಾಗಣೆ ಹೆಚ್ಚಿತು, ಫ್ಲ್ಯಾಂಡರ್ಸ್‌ನ ಲೇಸ್ 'ಇಂಗ್ಲೆಂಡಿನ ಲೇಸ್' ಎಂಬ ಹೆಸರಿನಲ್ಲಿ ಮಾರಾಟವಾಯಿತು.

ಇವೆಲ್ಲಕ್ಕಿಂತ ಗಟ್ಟಿಯಾದ ಬೀಗ ಕೆಲಸದ ಹಂಚಿಕೆಯದು. ಫ್ರಾನ್ಸಿನ ಅಲಾನ್ಸೋನ್ ಪಟ್ಟಣದ ಸೂಜಿ ಲೇಸಿನಲ್ಲಿ ಒಬ್ಬಳು ಚರ್ಮಕಾಗದ ಚುಚ್ಚಿದರೆ, ಇನ್ನೊಬ್ಬಳು ಹೊರಗೆರೆ ಕೂರಿಸುತ್ತಿದ್ದಳು, ಮತ್ತೊಬ್ಬಳು ಜಾಲರಿ, ಮಗದೊಬ್ಬಳು ಹೂವಿನ ಒಡಲು, ಬೇರೊಬ್ಬಳು ಉಬ್ಬಿದ ಅಂಚು. ತುಂಡುಗಳನ್ನು ಜೋಡಿಸುವವಳೂ ಬೇರೆ. ಇದರಿಂದ ಕೆಲಸ ಬೇಗ ಆಗುತ್ತಿತ್ತು ಎಂಬುದು ನಿಜ. ಆದರೆ ಪೂರ್ತಿ ಲೇಸ್ ಮಾಡಲು ಬಲ್ಲ ಹೆಂಗಸು ಎಂಬವಳೇ ಇಲ್ಲವಾದಳು. ತಾನು ಜೀವಮಾನವಿಡೀ ಹಾಕಿದ ಹೊಲಿಗೆ ಯಾವ ಹೂವಿನ ಯಾವ ಎಸಳಾಯಿತೆಂದು ಅವಳಿಗೆ ತಿಳಿಯುತ್ತಿರಲಿಲ್ಲ. ನನಗೆ ಈ ಇತಿಹಾಸದಲ್ಲಿ ಅತ್ಯಂತ ಕ್ರೂರವಾಗಿ ಕಾಣುವುದು ಇದೇ. ದುಡಿದವಳಿಗೆ ಸಿಗುತ್ತಿದ್ದುದು ಪುಡಿಗಾಸು, ಮಧ್ಯವರ್ತಿಗೆ ಲಾಭ. ಅದು ಬಹಳ ಕಸುಬುಗಳ ಕತೆ. ಇಲ್ಲಿ ಅವಳಿಂದ ಕಸುಬನ್ನೂ ಕಿತ್ತುಕೊಳ್ಳಲಾಯಿತು.

ಆದರೂ ಕೈಗಳು ಒಟ್ಟಿಗೆ ಕೂರುವುದನ್ನು ಯಾರೂ ತಪ್ಪಿಸಲಾಗಲಿಲ್ಲ. ಇಂಗ್ಲೆಂಡಿನ ಮಧ್ಯ ಭಾಗದ ಹಳ್ಳಿಗಳಲ್ಲಿ ಚಳಿಗಾಲದ ಸಂಜೆ ಒಂದೇ ಮೇಣದಬತ್ತಿಯ ಸುತ್ತ ಹಲವರು ಕೂರುತ್ತಿದ್ದರು. ಬತ್ತಿಯ ಸುತ್ತ ನೀರು ತುಂಬಿದ ಗಾಜಿನ ಬುರುಡೆಗಳು. ಒಂದೊಂದು ಬುರುಡೆಯೂ ಬೆಳಕನ್ನು ಕೂಡಿಸಿ ಒಬ್ಬೊಬ್ಬರ ದಿಂಬಿನ ಮೇಲೆ ನಾಣ್ಯದಷ್ಟು ಜಾಗಕ್ಕೆ ಬೀಳಿಸುತ್ತಿತ್ತು. ಹತ್ತಿರ ಕೂತವರದು ಮೊದಲ ಬೆಳಕು, ಅವರ ಹಿಂದಿನವರದು ಎರಡನೆಯದು, ಅದಕ್ಕೂ ಹಿಂದಿನವರದು ಮೂರನೆಯದು. ಲೇಸ್ ಶಾಲೆಗಳಲ್ಲಿ ಐದಾರು ವರ್ಷದ ಮಕ್ಕಳು ಗುಂಡುಸೂಜಿ ಎಣಿಸುತ್ತಾ ರಾಗವಾಗಿ ಹಾಡುತ್ತಿದ್ದರು. ಎಣಿಕೆ ತಪ್ಪಬಾರದು, ಕೈಯ ವೇಗ ಇಳಿಯಬಾರದು ಎಂದು ಕಟ್ಟಿದ ಹಾಡುಗಳವು. ಮಕ್ಕಳ ಬೆನ್ನು ಬಾಗಿಸಿದ ಆ ಶಾಲೆಗಳನ್ನು ಹೊಗಳಲು ನನ್ನಿಂದಾಗದು. ಹಾಡುಗಳನ್ನು ಮರೆಯಲೂ ಆಗದು.

ಹತ್ತೊಂಬತ್ತನೆಯ ಶತಮಾನ ಬಂತು. ಜಾನ್ ಹೀತ್‌ಕೋಟ್ ಎಂಬ ಇಂಗ್ಲಿಷ್ ಯಂತ್ರಶಿಲ್ಪಿ ದಿಂಬಿನ ಲೇಸನ್ನು ಎಳೆ ಎಳೆಯಾಗಿ ಗಮನಿಸಿದರು. ಕೆಲವು ಎಳೆಗಳು ನೇರ ಕೆಳಗಿಳಿಯುತ್ತವೆ, ಉಳಿದವು ಓರೆಯಾಗಿ ಅವನ್ನು ಸುತ್ತುತ್ತಾ ಸಾಗುತ್ತವೆ ಎಂಬುದು ಅವರಿಗೆ ಹೊಳೆದದ್ದೇ ತಡ, 1808 ಮತ್ತು 1809ರಲ್ಲಿ ಜಾಲರಿ ಯಂತ್ರದ ಹಕ್ಕುಪತ್ರ ಪಡೆದರು. 1816ರಲ್ಲಿ ಲಫ್‌ಬರೋದ ಅವರ ಕಾರ್ಖಾನೆಗೆ ಲಡ್ಡೈಟ್ ಎಂಬ ಯಂತ್ರವಿರೋಧಿ ದಾಳಿಕೋರರು ನುಗ್ಗಿ ಯಂತ್ರಗಳನ್ನು ಪುಡಿಮಾಡಿದರು. ಹೀತ್‌ಕೋಟ್ ಟಿವರ್ಟನ್‌ಗೆ ಹೋಗಿ ಮತ್ತೆ ಆರಂಭಿಸಿದರು. 1840ರಲ್ಲಿ ವಿಕ್ಟೋರಿಯಾ ರಾಣಿ ತನ್ನ ಮದುವೆಗೆ ಇಂಗ್ಲೆಂಡಿನ ಡೆವನ್ ಪ್ರಾಂತದ ಕೈಲೇಸಾದ ಹಾನಿಟನ್ ಲೇಸ್ ಆರಿಸಿಕೊಂಡದ್ದು ಅಲ್ಲಿನ ಲೇಸ್ ಹೆಂಗಸರಿಗೆ ಕೆಲಸ ಕೊಡಲೆಂದೇ. ಬೀರ್ ಎಂಬ ಕಡಲ ಹಳ್ಳಿಯಲ್ಲಿ ಇನ್ನೂರಕ್ಕೂ ಹೆಚ್ಚು ಮಂದಿ ದುಡಿದರು. ಅವರು ಕೈಯಲ್ಲಿ ಮಾಡಿದ ಹೂಗಳನ್ನು ಕೂರಿಸಿದ್ದು ಯಂತ್ರ ಹೆಣೆದ ಜಾಲರಿಯ ಮೇಲೆ.

ಇನ್ನು ಐರ್ಲೆಂಡ್. 1840ರ ದಶಕದಲ್ಲಿ ಆಲೂಗಡ್ಡೆ ಕೊಳೆತು ಬರಗಾಲ ಬಂದಾಗ, ಯೋಲ್ ಪಟ್ಟಣದ ಕಾನ್ವೆಂಟಿನ ಮದರ್ ಮೇರಿ ಆನ್ ಸ್ಮಿತ್ ಅವರ ಕೈಗೆ ಹಳೆಯ ಇಟಾಲಿಯನ್ ಲೇಸಿನ ತುಂಡೊಂದು ಸಿಕ್ಕಿತು. ಕಲಿಸುವವರಿಲ್ಲ, ಪುಸ್ತಕವಿಲ್ಲ. ಅವರು ಅದನ್ನು ಬಿಚ್ಚಲು ಕೂತರು. ಒಂದೊಂದೇ ಹೊಲಿಗೆ ಬಿಚ್ಚುತ್ತಾ ಅದು ಹೇಗೆ ಬಿದ್ದಿತ್ತೆಂದು ಅರಿತು, ಹಸಿದ ಹುಡುಗಿಯರಿಗೆ ಅದನ್ನು ಕಲಿಸಿದರು. ಲೇಸ್ ಮಾಡುವವರಿಗೆ ಮಾತ್ರ ಗೊತ್ತು ಇದೆಷ್ಟು ಕಷ್ಟವೆಂದು: ಸೂಜಿ ಲೇಸನ್ನು ಎಲ್ಲಿ ಕೊನೆಗೊಂಡಿತೋ ಅಲ್ಲಿಂದಲೇ ಹಿಂದಕ್ಕೆ ಬಿಚ್ಚಬೇಕು, ಗಂಟುಗಟ್ಟಿದ ಹಳೆಯ ಎಳೆ ಮುಟ್ಟಿದರೆ ತುಂಡಾಗುತ್ತದೆ. ಅಂದರೆ ಯಾರೋ ಒಬ್ಬಳು ತಿಂಗಳುಗಟ್ಟಲೆ ಕೂತು ಮಾಡಿದ್ದನ್ನು, ಅವಳ ಕೈ ನಡೆದ ದಾರಿಯಲ್ಲೇ ಹಿಂದೆ ಹಿಂದೆ ನಡೆದು ಓದುವುದು. ಆ ತುಂಡು ಹೋಯಿತು, ವಿದ್ಯೆ ಬಂತು. ಅದೇ ಬರಗಾಲದಲ್ಲಿ ವೆನಿಸ್‌ನ ಉಬ್ಬು ಲೇಸಿನ ಸೊಬಗನ್ನು ಕ್ರೋಶಾ ಕಡ್ಡಿಗೆ ಇಳಿಸಿದ ಐರಿಷ್ ಕ್ರೋಶಾ ಮನೆಮನೆಗೆ ಹಬ್ಬಿತು. ಅದಕ್ಕೆ ಸೂಜಿ ಲೇಸಿನಷ್ಟು ಸಮಯ ಬೇಕಿರಲಿಲ್ಲ, ಹಣ ಬೇಗ ಕೈಸೇರುತ್ತಿತ್ತು.

ಮೊದಲ ಮಹಾಯುದ್ಧದ ವೇಳೆ ಬೆಲ್ಜಿಯಂನಲ್ಲೂ ಹೀಗೆಯೇ ಆಯಿತು. ದೇಶ ಜರ್ಮನ್ ವಶದಲ್ಲಿತ್ತು, ದಾರ ಬರುವ ದಾರಿ ಮುಚ್ಚಿತ್ತು. ಅಮೆರಿಕದ ಹರ್ಬರ್ಟ್ ಹೂವರ್ ನೇತೃತ್ವದ ಪರಿಹಾರ ಆಯೋಗ ದಾರವನ್ನು ಒಳಕ್ಕೆ ತಂದು ಲೇಸನ್ನು ಹೊರಕ್ಕೆ ಒಯ್ಯುವ ಅನುಮತಿ ಪಡೆಯಿತು. ಮಿತ್ರದೇಶಗಳ ಲಾಂಛನಗಳನ್ನು ಹೆಣೆದ ಆ 'ಯುದ್ಧದ ಲೇಸ್' ಇಂದು ಅನೇಕ ಸಂಗ್ರಹಾಲಯಗಳಲ್ಲಿದೆ.

ಇಪ್ಪತ್ತನೆಯ ಶತಮಾನದ ನಡುವಿಗೆ ಲೇಸ್ ಹೊಟ್ಟೆಪಾಡಿನ ಕೆಲಸವಾಗಿ ಬಹುತೇಕ ಮುಗಿಯಿತು. ಅಲ್ಲಿಂದ ಮುಂದೆ ಅದನ್ನು ಹಿಡಿದವರು ಪ್ರೀತಿಯಿಂದ ಹಿಡಿದವರು, ಹಾಗಾಗಿ ಅವರಿಗೆ ಬಚ್ಚಿಡುವ ಕಾರಣವಿರಲಿಲ್ಲ. 1976ರಲ್ಲಿ ಬ್ರಿಟನ್ನಿನಲ್ಲಿ ಲೇಸ್ ಗಿಲ್ಡ್ ಹುಟ್ಟಿತು. ಬೇರೆ ದೇಶಗಳಲ್ಲೂ ಇಂಥ ಸಂಘಗಳು ಬೆಳೆದವು. ಸ್ಲೊವೇನಿಯಾದ ಇದ್ರಿಯಾದಲ್ಲಿ 1876ರಲ್ಲಿ ತೆರೆದ ಲೇಸ್ ಶಾಲೆ ಇಂದಿಗೂ ನಡೆಯುತ್ತಿದೆ. ಯುನೆಸ್ಕೊ ತನ್ನ ಅಮೂರ್ತ ಪರಂಪರೆಯ ಪಟ್ಟಿಗೆ 2009ರಲ್ಲಿ ಕ್ರೊಯೇಷಿಯಾದ ಲೇಸನ್ನೂ, 2010ರಲ್ಲಿ ಅಲಾನ್ಸೋನಿನ ಸೂಜಿ ಲೇಸನ್ನೂ, 2018ರಲ್ಲಿ ಸ್ಲೊವೇನಿಯಾದ ಬಾಬಿನ್ ಲೇಸನ್ನೂ ಸೇರಿಸಿತು. ಅಲಾನ್ಸೋನಿನಲ್ಲಿ ಒಂದು ಚದರ ಸೆಂಟಿಮೀಟರಿಗೆ ಏಳು ಗಂಟೆ ಹಿಡಿಯುತ್ತದೆ, ಪೂರ್ತಿ ಕಲಿಯಲು ಏಳರಿಂದ ಹತ್ತು ವರ್ಷ ಬೇಕು. ಕೊನೆಯ ಹಂತದಲ್ಲಿ ಲಾಬ್‌ಸ್ಟರ್‌ನ ಪಂಜದಿಂದ ಉಜ್ಜಿ ಹೊಳಪು ಕೊಡುತ್ತಾರೆ. ನನಗೆ ಹೆಚ್ಚು ಸಮಾಧಾನ ಕೊಡುವ ಸಂಗತಿ ಇನ್ನೊಂದು: ಒಂದು ಕಾಲದಲ್ಲಿ ಹತ್ತಾರು ಹೆಂಗಸರಿಗೆ ಹರಿದು ಹಂಚಿದ್ದ ಆ ಹಂತಗಳನ್ನು ಇಂದು ಕಲಿಯುವವರು ಮೊದಲಿನಿಂದ ಕೊನೆಯವರೆಗೂ ಕಲಿಯುತ್ತಾರೆ.

ಭಾಷೆ ಗೊತ್ತಿಲ್ಲದವರ ನಡುವೆಯೂ ಈ ವಿದ್ಯೆ ದಾಟುವುದಕ್ಕೆ ಬೆಲ್ಜಿಯಂನಲ್ಲಿ ರೂಪುಗೊಂಡ ಒಂದು ಸರಳ ಉಪಾಯ ದೊಡ್ಡ ಕಾರಣ. ನಮೂನೆಯ ಜೊತೆಗೆ ಬಣ್ಣದ ಗೆರೆಗಳ ನಕ್ಷೆ ಕೊಡುತ್ತಾರೆ. ಒಂದೊಂದು ಗೆರೆಯೂ ಒಂದು ಜೋಡಿ ದಾರ. ನೇರಳೆ ಬಣ್ಣವೆಂದರೆ ದಾಟು, ತಿರುವು, ದಾಟು. ಹಸಿರೆಂದರೆ ದಾಟು, ತಿರುವು. ಕೆಂಪೆಂದರೆ ದಾಟು, ತಿರುವು, ದಾಟು, ತಿರುವು. ಓದಲು ಬಾರದ ಭಾಷೆಯ ಪುಸ್ತಕವನ್ನು ಎದುರಿಗಿಟ್ಟುಕೊಂಡು ನಾನು ಇಡೀ ಅಂಚುಪಟ್ಟಿ ಮುಗಿಸಿದ್ದೇನೆ. ವಿವರಣೆಯ ಒಂದು ಪದವೂ ಅರ್ಥವಾಗಿರಲಿಲ್ಲ, ಬಣ್ಣಗಳು ಸಾಕಾದವು.

ಹಂಚಿಕೊಳ್ಳುವುದು ಎಂದರೆ ಇನ್ನೊಬ್ಬರ ಹೊಸ ವಿನ್ಯಾಸವನ್ನು ಅವರ ಒಪ್ಪಿಗೆಯಿಲ್ಲದೆ ನಕಲು ಮಾಡಿ ಹಂಚುವುದಲ್ಲ. ದಾಟು, ತಿರುವುಗಳು ಎಲ್ಲರ ಸ್ವತ್ತು. ನಾನೂರು ವರ್ಷ ಹಳೆಯ ನಮೂನೆಗಳೂ ಹಾಗೆಯೇ. ಆದರೆ ಇಂದಿನ ವಿನ್ಯಾಸಗಾರ್ತಿ ಹತ್ತು ಬಾರಿ ಹೆಣೆದು, ಒಂಬತ್ತು ಬಾರಿ ಬಿಚ್ಚಿ ಮಾಡಿದ ನಮೂನೆಗೆ ಅವಳ ಹೆಸರೂ ಬೆಲೆಯೂ ಸಲ್ಲಬೇಕು. ಹಿಂದೆ ಈ ಕಸುಬಿನ ಹೆಂಗಸರಿಗೆ ಇವೆರಡೂ ಸಿಗಲಿಲ್ಲ. ಜ್ಯೂರಿಕ್‌ನ ಆ ಲೇಖಕಿಯ ಹೆಸರು ಎರಡು ಅಕ್ಷರಕ್ಕೆ ನಿಂತುಹೋದದ್ದು ನನ್ನನ್ನು ಇಂದಿಗೂ ಕಾಡುತ್ತದೆ.

ಈಗ ನನ್ನ ಪಕ್ಕದಲ್ಲಿ ಕೂತು ಕಲಿಯುತ್ತಿರುವವಳ ದಿಂಬಿನಲ್ಲಿ ಜಾಲರಿಯ ಒಂದು ಕಣ್ಣು ಓರೆಯಾಗಿದೆ. ಎಲ್ಲಿ ತಪ್ಪಿತೆಂದು ಅವಳಿಗೆ ಕಾಣುತ್ತಿಲ್ಲ. ಮೂರು ಗುಂಡುಸೂಜಿ ಹಿಂದೆ, ಎಡದ ಜೋಡಿಗೆ ಒಂದು ತಿರುವು ಕಡಿಮೆ ಬಿದ್ದಿದೆ. ಅವಳು ಸೂಜಿಗಳನ್ನು ಒಂದೊಂದಾಗಿ ಕಿತ್ತು ಬಿಚ್ಚುತ್ತಾ ಬರುತ್ತಿದ್ದಾಳೆ, ಇನ್ನೊಂದಕ್ಕೆ ತಲುಪಿದರೆ ತಪ್ಪನ್ನು ತಾನೇ ಕಾಣುತ್ತಾಳೆ.